ಚೆರ್ರಿ ಹಿಡಿದ ಕೈ

ಥಾರ್ಲಿ ಮನೆಯ ಅಗ್ಗಿಷ್ಟಿಕೆಯ ಮೇಲೆ ವಿನಿಫ್ರೆಡ್‌ಳ ಚಿತ್ರವಿತ್ತು. ಮೂರು ವರ್ಷದ ಹುಡುಗಿ, ಬಿಳಿ ನಿಲುವಂಗಿ, ನೀಲಿ ನಡುಪಟ್ಟಿ, ಬಲಗೈಯಲ್ಲಿ ಚೆರ್ರಿ ಗೊಂಚಲು. ಆ ಕೈಮೇಲೆ ಬಿಸಿನೀರು ಬಿದ್ದು ಆದ ಕಲೆಯನ್ನೂ ಅವಳ ತಾಯಿ ಬರೆಸಿದ್ದರು. "ನನ್ನ ಮಗಳ ಕೈ ಹೇಗಿದೆಯೋ ಹಾಗೇ ಇರ್ಲಿ" ಎಂದಿದ್ದರು. ಮರುವರ್ಷ ತೀರಿಕೊಂಡರು. ಮಗುವನ್ನು ಸಾಕಿದ ದಾದಿ ನಾನು, ಟ್ಯಾಬಿತಾ.

ದಣಿಗಳು ಮತ್ತೆ ಮದುವೆಯಾದರು. ಗಿಲ್ಬರ್ಟ್ ಹುಟ್ಟಿದ. ಅವನಿಗೆ ಮೂರು ತುಂಬಿದಾಗ ಹೊಸ ಅಮ್ಮಾವರು ಚಿತ್ರಕಾರ ಪೆಲ್‌ನನ್ನು ಕರೆಸಿ ಗೋಡೆಯತ್ತ ಬೆರಳು ತೋರಿಸಿದರು.

"ಗಂಡುಮಕ್ಕಳಿಗೂ ಈ ವಯಸ್ಸಲ್ಲಿ ಲಂಗಾನೇ ಹಾಕೋದು. ಮಿಕ್ಕಿದ್ದೆಲ್ಲ ಹಾಗೇ ಇರ್ಲಿ. ಮುಖ ಕೆರೆದು ನಮ್ಮ ಗಿಲ್ಬರ್ಟನ್ನ ಬರೀರಿ."

"ಹೊಸದಾಗೇ ಬರೀಬೋದಲ್ಲ ಅಮ್ಮಾವ್ರೇ," ಎಂದ ಪೆಲ್.

"ಆಗ ಇದನ್ನೇನು ಮಾಡ್ಲಿ? ಒಲೆಗೆ ಹಾಕ್ಲಾ?"

ಒಂಬತ್ತು ವರ್ಷದ ವಿನಿಫ್ರೆಡ್, ನಮ್ಮ ವಿನ್ನಿ, ಬಾಗಿಲಲ್ಲಿ ನಿಂತಿದ್ದಳು. "ಅಮ್ಮಾವ್ರೇ, ಅದು ನಮ್ಮಮ್ಮ ಹಾಕ್ಸಿದ್ದು. ನನ್ನನ್ನ ಅಲ್ಲೇ ಬಿಡಿ. ತಮ್ಮನ್ನ ಪಕ್ಕದಲ್ಲಿ ಬರೀಲಿ."

"ಪಕ್ಕದಲ್ಲಿ ಜಾಗ ಎಲ್ಲಿದೆ? ಅವನನ್ನ ಆಡಿಸೋ ಕೆಲಸ ನಿಂದು. ಅವನು ಅಲುಗಾಡಿದ್ರೆ ನಿನಗೆ ಊಟ ಇಲ್ಲ."

ಮೂರು ದಿನ ವಿನ್ನಿ ಪೆಲ್‌ನ ಬೆನ್ನ ಹಿಂದೆ ನಿಂತು ಗಿಲಕಿ ಆಡಿಸಿದಳು. ಗಿಲ್ಬರ್ಟ್ ಕೇಕೆ ಹಾಕಿ ನಕ್ಕ. ಅವಳ ಕಣ್ಣೆದುರೇ ಅವಳ ಕಣ್ಣು ಹೋಯಿತು, ಮೂಗು ಹೋಯಿತು, ಕೊನೆಗೆ ಬಾಯಿ.

ನಾನು ತುಟಿ ಬಿಚ್ಚಲಿಲ್ಲ. ನನ್ನ ಕೆಲಸ ಹೋದರೆ ಅವಳಿಗೆ ಯಾರಿದ್ದಾರೆ ಎಂದುಕೊಂಡೆ. ಹಾಗಂದುಕೊಳ್ಳುವುದು ಸುಲಭವೂ ಆಗಿತ್ತು.

ಪೆಲ್ ಹೋದ ಮೇಲೆ ಅವಳು ನನ್ನ ತೋಳು ಜಗ್ಗಿದಳು. "ಟ್ಯಾಬಿ, ಕೈ ನೋಡು. ಕೈ ಕೆರೆದಿಲ್ಲ. ನಾನಿನ್ನೂ ಅಲ್ಲೇ ಇದೀನಿ. ಯಾರಿಗೂ ಹೇಳ್ಬೇಡ, ಆಯ್ತಾ?"

ನಾನು ಹೇಳಲಿಲ್ಲ. ಮುಂದಿನ ತಿಂಗಳು ಒಂದು ಭಾನುವಾರ ಊಟಕ್ಕೆ ಬಂದ ಪಾದ್ರಿಯ ಹೆಂಡತಿ ಹೇಳಿದಳು.

"ಅಯ್ಯೋ, ಮಗು ಕೈ ಯಾವಾಗ್ರೀ ಸುಟ್ಟಿದ್ದು?" ಎಂದು ಗೋಡೆಯ ಚಿತ್ರ ನೋಡಿ ಕೇಳಿದವಳು ತನ್ನ ತೊಡೆಯ ಮೇಲಿದ್ದ ಗಿಲ್ಬರ್ಟನ ಕೈ ತಿರುಗಿಸಿ ನೋಡಿದಳು. ಬೆಣ್ಣೆಯಂಥ ಕೈ. ಆಮೇಲೆ ಎದುರಿಗೆ ಬ್ರೆಡ್ಡಿಗೆ ಕೈ ಚಾಚಿದ್ದ ವಿನ್ನಿಯನ್ನು ಕಂಡಳು. "ಓಹೋ! ಚಿಕ್ಕ ದಣಿಗಳ ಕೈ ಅಕ್ಕನ ಹತ್ರ ಇದೆ!"

ಮೇಜಿನ ಸುತ್ತ ಎಲ್ಲರೂ ನಕ್ಕರು. ದಣಿಗಳೂ ನಕ್ಕರು. ತನ್ನನ್ನು ಯಾರೋ ಗುರುತಿಸಿದರಲ್ಲ ಎಂದು ವಿನ್ನಿಯ ಮುಖವೂ ಅರಳಿತು.

ಅಮ್ಮಾವರು ನಗಲಿಲ್ಲ. ಅತಿಥಿಗಳು ಹೋದ ಮೇಲೆ ನನ್ನನ್ನು ಕರೆದರು.

"ಪೆಲ್‌ಗೆ ಮತ್ತೆ ಹೇಳಿ ಕಳಿಸ್ಬೇಕಾ ಅಮ್ಮಾವ್ರೇ?" ಎಂದೆ.

"ಚಿತ್ರ ಯಾಕೆ ಮುಟ್ಬೇಕು? ಚೆನ್ನಾಗಿ ಒಣಗಿದೆ. ಹುಡುಗಿಗೆ ಕೈಗವಸು ಹೊಲಿ. ಮೇಜಿಗೆ ಬರೋವಾಗ ಹಾಕಿರ್ಲಿ. ಚರ್ಚಿಗೂ."

ಮರುದಿನವೇ ಹೊಲಿದೆ. ವಿನ್ನಿ ಎರಡೂ ಕೈ ಚಾಚಿ ನಿಂತಳು. ಬಲಗೈಯದು ಬಿಗಿಯಾಯಿತು. ಎಳೆದು ಗುಂಡಿ ಹಾಕಿದೆ.

"ಬೆಳೆಯೋ ಕೈ," ಎಂದರು ಅಮ್ಮಾವರು. "ಇನ್ನೊಂದು ಜೊತೆಗೂ ಬಟ್ಟೆ ಕತ್ತರಿಸಿಡು."