ಛತ್ರಿ ಜೋಕಾಲಿಯ ಸದ್ದು

ಲಿಫ್ಟ್ ಮೇಸ್ತ್ರಿಯ ಮನೆಗೆ ಯಾರಾದರೂ ಹೊಸಬರು ಬಂದರೆ ಅವನ ಮಗಳು ಒಂದು ಕಥೆ ಹೇಳದೆ ಅವರನ್ನು ಕಳಿಸುತ್ತಿರಲಿಲ್ಲ. "ನಮ್ಮಪ್ಪ ಇಪ್ಪತ್ತು ಮಹಡಿ ಮೇಲಿಂದ ಲಿಫ್ಟ್ ಗುಂಡಿಯೊಳಗೆ ಬೆಲ್ಟ್ ಕಟ್ಕೊಂಡು ಇಳೀತಾರೆ. ಆದ್ರೆ ಮಕ್ಕಳ ಜೋಕಾಲಿ ಕಂಡ್ರೆ ಮಾತ್ರ ಕೈಕಾಲು ಗಡಗಡ!" ಎಂದು ಶುರುಮಾಡುವಳು. ಹನ್ನೊಂದು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ಆಟದ ಪಾರ್ಕಿರುವ ದೊಡ್ಡ ರೆಸಾರ್ಟಿಗೆ ಹೋಗಿದ್ದದ್ದು, ತಾನು ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಇನ್ನೇನು ಜೋಕಾಲಿ ಹತ್ತಬೇಕು ಅನ್ನುವಾಗ ಅಪ್ಪ ರಟ್ಟೆ ಹಿಡಿದು ಎಳೆದುಕೊಂಡು ಬಂದದ್ದು, ಅಷ್ಟೂ ಜನರ ಎದುರು ತಾನು ಗೊಳೋ ಎಂದು ಅತ್ತದ್ದು, ಎಲ್ಲವನ್ನೂ ಅಭಿನಯ ಮಾಡಿ ತೋರಿಸುವಳು. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೇಸ್ತ್ರಿಯೂ ನಗುತ್ತಿದ್ದ. ಪುಕ್ಕಲ ಎಂದು ಕರೆಸಿಕೊಂಡರೆ ಮಾತು ಅಲ್ಲಿಗೇ ಮುಗಿಯುತ್ತದಲ್ಲ, ಸದ್ಯ, ಎಂದು ಅವನಿಗೆ ಒಳಗೊಳಗೇ ಸಮಾಧಾನ. ಅವನ ಹೆಂಡತಿ ಮಾತ್ರ ಆ ಹೊತ್ತಿಗೆ ಸರಿಯಾಗಿ ಏನಾದರೊಂದು ನೆಪ ತೆಗೆದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ರೆಸಾರ್ಟಿನ ಎರಡು ದಿನದ ಪಾಸು ಅವನಿಗೆ ಕಂಪನಿಯಿಂದ ಬಂದಿತ್ತು, ಇಪ್ಪತ್ತು ವರ್ಷ ಸೇವೆ ಮುಗಿಸಿದ್ದಕ್ಕೆ. ಮಗಳಿಗೆ ಆಗ ಹನ್ನೆರಡು, ಮಗನಿಗೆ ಆರು. ಮನೆಬಿಟ್ಟು ಎಲ್ಲಿಗೂ ಹೋಗದ ಕುಟುಂಬ. ಮಕ್ಕಳಂತೂ ಒಂದು ವಾರ ಮೊದಲೇ ಬ್ಯಾಗು ತುಂಬಿ ಬಾಗಿಲ ಬಳಿ ಇಟ್ಟಿದ್ದರು. ಮೊದಲ ದಿನ ಎಲ್ಲ ಸರಿಯಾಗಿಯೇ ಇತ್ತು. ಬೆಳ್ಳಗಿನ ಚಾದರದ ಮೇಲೆ ಮಗ ಕುಣಿದ, ನೀರಿನ ಜಾರುಬಂಡೆಯಲ್ಲಿ ಹೆಂಡತಿ ಹುಡುಗಿಯಂತೆ ಕಿರುಚಿದಳು. ಅವಳು ಹಾಗೆ ನಕ್ಕದ್ದನ್ನು ಮೇಸ್ತ್ರಿ ನೋಡಿ ಎಷ್ಟೋ ವರ್ಷವಾಗಿತ್ತು.

ಎರಡನೆಯ ದಿನ ಮಧ್ಯಾಹ್ನ ಮಗಳು ಛತ್ರಿ ಜೋಕಾಲಿಯ ಸಾಲಿಗೆ ನಿಂತಳು. ದೊಡ್ಡ ಕಂಬ, ಅದರ ಮೇಲೆ ಬಿಚ್ಚಿದ ಛತ್ರಿಯಂತೆ ಬಣ್ಣದ ತಗಡಿನ ಮಾಡು, ಅದರ ಅಂಚಿನಿಂದ ಸರಪಳಿಯಲ್ಲಿ ಇಳಿಬಿಟ್ಟ ಮೂವತ್ತು ಕುರ್ಚಿಗಳು. ಛತ್ರಿ ತಿರುಗಿದಂತೆಲ್ಲ ಕುರ್ಚಿಗಳು ಹೊರಕ್ಕೆ ಚಿಮ್ಮಿ ಆಕಾಶದಲ್ಲಿ ಸುತ್ತುತ್ತಿದ್ದವು. ಮೇಸ್ತ್ರಿ ಕಂಬಿಗೆ ಒರಗಿ ಐಸ್‌ಕ್ರೀಂ ತಿನ್ನುತ್ತಿದ್ದವನು ಹಾಗೇ ನಿಂತುಬಿಟ್ಟ. ಹಾಡು, ಕೇಕೆ, ಮೈಕಿನ ಗಲಾಟೆ, ಇಷ್ಟರ ನಡುವೆಯೂ ಅವನ ಕಿವಿಗೆ ಒಂದು ಸದ್ದು ಬಿತ್ತು. ಸುತ್ತಿಗೊಂದು ಸಲ, ಟಕ್. ಆಮೇಲೆ ಸಣ್ಣಗೆ ಅರೆದಂತೆ ಒಂದು ಎಳೆತ. ಮತ್ತೆ ಟಕ್.

ಅದು ಅವನಿಗೆ ಹೊಸ ಸದ್ದೇನಲ್ಲ. ಎಷ್ಟೋ ಕಟ್ಟಡಗಳ ತಾರಸಿಯ ಮೋಟಾರು ಕೋಣೆಯಲ್ಲಿ ಕೂತು, ಕಣ್ಣು ಮುಚ್ಚಿ, ಇಂಥದೇ ಸದ್ದು ಹಿಡಿದು ಲಿಫ್ಟ್ ನಿಲ್ಲಿಸಿದ್ದಾನೆ. ಬೇರಿಂಗಿನೊಳಗೆ ಗುಂಡು ಒಡೆದಿದೆ, ಭಾರವೆಲ್ಲ ಒಂದು ಕಡೆಗೆ ಬೀಳುತ್ತಿದೆ. ಇವತ್ತು ತಿರುಗಬಹುದು, ನಾಳೆಯೂ ತಿರುಗಬಹುದು. ಎಷ್ಟು ದಿನ ಎಂದು ಮಾತ್ರ ಯಾರೂ ಹೇಳಲಾರರು.

ಐಸ್‌ಕ್ರೀಂ ಎಸೆದು ಸಾಲಿನೊಳಗೆ ನುಗ್ಗಿ ಮಗಳ ರಟ್ಟೆ ಹಿಡಿದು ಎಳೆದ. ಅವಳು ಅಳುತ್ತ ಅಮ್ಮನ ಬಳಿ ಓಡಿದಳು. ಅವನು ಗಾಜಿನ ಗೂಡಿನತ್ತ ಹೋದ. ಒಳಗೆ ಹಳದಿ ಟೋಪಿ ಹಾಕಿದ್ದ, ಮೂವತ್ತರ ಆಸುಪಾಸಿನ ಹೆಂಗಸು ಗುಂಡಿ ಒತ್ತುವ ಕೆಲಸಕ್ಕೆ ಕೂತಿದ್ದಳು.

"ಅಮ್ಮಾ, ಇದನ್ನ ನಿಲ್ಲಿಸಿ. ಮೇಲೆ ಬೇರಿಂಗ್ ಹೋಗಿದೆ."

"ಬೆಳಿಗ್ಗೆ ಚೆಕ್ ಮಾಡಿದ್ದಾರೆ ಸಾರ್. ನೋಡಿ, ಸಹಿ ಇದೆ."

"ಸಹಿ ಇರ್ಲಿ, ನೀವೇ ಕಿವಿ ಕೊಟ್ಟು ಕೇಳಿ. ನಾನು ಲಿಫ್ಟ್ ಕೆಲಸದವನು. ಸುಮ್ನೆ ಹೇಳ್ತಿಲ್ಲ."

ಅವಳು ಗೂಡಿನಿಂದ ತಲೆ ಹೊರಹಾಕಿ ಕೇಳಿದಳು. ಮೊದಲ ಸುತ್ತು, ಎರಡನೆಯ ಸುತ್ತು. ಮೂರನೆಯ ಸುತ್ತಿಗೆ ಅವಳ ಮುಖ ಬದಲಾಯಿತು.

"ಹೌದು ಸಾರ್. ದಿನಾ ಕೇಳಿ ಕೇಳಿ ನನಗೆ ಗೊತ್ತೇ ಆಗಿರ್ಲಿಲ್ಲ." ಸಹಿಯ ಹಾಳೆಯನ್ನು ಪಕ್ಕಕ್ಕೆ ಸರಿಸಿದಳು. "ನಮ್ಮ ಸೂಪರ್‌ವೈಸರ್‌ಗೆ ಹೇಳ್ತೀನಿ. ನಾನಾಗೇ ನಿಲ್ಲಿಸೋ ಹಾಗಿಲ್ಲ. ಆದ್ರೆ ನನ್ನ ಮಾತು ಅವರು ಕಿವಿಗೆ ಹಾಕ್ಕೊಳಲ್ಲ. ನೀವು ತಿಳಿದೋರು, ಗೇಟಿನ ಹತ್ರ ಆಫೀಸಿದೆ, ಅಲ್ಲಿ ಬರೆದುಕೊಟ್ರೆ ನಿಲ್ಲಿಸಲೇಬೇಕಾಗುತ್ತೆ. ದಯವಿಟ್ಟು ಹೋಗಿ ಸಾರ್."

ಅವನು ಹೊರಟ. ಇದು ಸುಳ್ಳಲ್ಲ, ಆಫೀಸಿನ ತನಕ ಹೋದ. ದಾರಿಯುದ್ದಕ್ಕೂ ಮಗಳು ಮುಖ ಊದಿಸಿಕೊಂಡು ಹಿಂದೆ ಬಂದಳು. ಹೆಂಡತಿ ಗೊಣಗುತ್ತಲೇ ಇದ್ದಳು. "ಇಲ್ಲಿಗೆ ಬಂದ್ರೂ ನಿಮ್ಮ ನಟ್ಟು ಬೋಲ್ಟು ಬಿಡಲ್ವಾ? ಹುಡುಗಿ ಕಣ್ಣು ನೋಡಿ, ಹೇಗೆ ಊದಿದೆ. ಅವರ ಮಶೀನು, ಅವರು ನೋಡ್ಕೋತಾರೆ. ಎರಡು ಗಂಟೆಗೆ ಊಟ ಮುಗಿದೇ ಹೋಗುತ್ತೆ." ಕೌಂಟರಿನ ಮುಂದೆ ಏಳೆಂಟು ಜನ ನಿಂತಿದ್ದರು. ಒಬ್ಬರ ಚಪ್ಪಲಿ ಕಳೆದಿತ್ತು, ಇನ್ನೊಬ್ಬರ ಕೋಣೆಯಲ್ಲಿ ಬಿಸಿನೀರು ಬರುತ್ತಿರಲಿಲ್ಲ. ಮಗ ಪ್ಯಾಂಟು ಹಿಡಿದುಕೊಂಡು "ಅಪ್ಪಾ, ಅರ್ಜೆಂಟು" ಎಂದು ಕುಣಿಯತೊಡಗಿದ. ಮೇಸ್ತ್ರಿ ಹತ್ತು ನಿಮಿಷ ನಿಂತ. ಸಾಲು ಒಂದು ಹೆಜ್ಜೆಯೂ ಮುಂದೆ ಸರಿಯಲಿಲ್ಲ. ನಾಳೆ ಹೊರಡುವಾಗ ಹೇಳಿದರಾಯಿತು ಎಂದು ಮಗನ ಕೈ ಹಿಡಿದು ಹೊರಟುಬಿಟ್ಟ.

ಮರುದಿನ ಬೆಳಿಗ್ಗೆ ಕೋಣೆ ಬಿಡುವಾಗ ಒಂದು ಕಾಗದ ಕೊಟ್ಟರು. ಊಟ ಹೇಗಿತ್ತು, ಕೋಣೆ ಹೇಗಿತ್ತು, ಆಟಗಳು ಹೇಗಿದ್ದವು. ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಎಲ್ಲದಕ್ಕೂ 'ಉತ್ತಮ' ಎಂದು ಗುರುತು ಹಾಕಿದ. ಕೆಳಗೆ, ಬೇರೆ ಸಲಹೆಗಳು ಎಂಬ ಕಡೆ ಪೆನ್ನು ಒಂದು ಗಳಿಗೆ ನಿಂತಿತು. 'ಏನೂ ಇಲ್ಲ' ಎಂದು ಬರೆದು ಸಹಿ ಹಾಕಿದ.

ಹತ್ತೊಂಬತ್ತು ದಿನ ಕಳೆದ ಮೇಲೆ ಪತ್ರಿಕೆಯಲ್ಲಿ ಚಿತ್ರ ಬಂತು. ಛತ್ರಿ ಒಂದು ಕಡೆಗೆ ವಾಲಿ ನಿಂತಿತ್ತು. ಕುರ್ಚಿಗಳು ಕಂಬಕ್ಕೆ ಅಪ್ಪಳಿಸಿ ನಾಲ್ಕು ಜನಕ್ಕೆ ಪೆಟ್ಟಾಗಿತ್ತು. ಅಕ್ಕನ ಮಕ್ಕಳನ್ನು ಕರೆದುಕೊಂಡು ಬಂದಿದ್ದ ಒಬ್ಬ ಹೆಂಗಸಿನ ಎಡಗಾಲನ್ನು ಮೊಣಕಾಲಿಂದ ಕೆಳಗೆ ತೆಗೆಯಬೇಕಾಯಿತು. ಮೇಸ್ತ್ರಿ ಟೀ ಲೋಟ ಕೆಳಗಿಟ್ಟ. ಹೆಂಡತಿ ಹಿಂದಿನಿಂದ ಬಗ್ಗಿ ಓದಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಕ್ಕಳು ಏಳುವ ಮೊದಲೇ ಅವಳು ಆ ಪತ್ರಿಕೆಯನ್ನು ಎತ್ತಿಕೊಂಡು ಹೋಗಿ ಎಲ್ಲೋ ತುರುಕಿದಳು.

ಅಷ್ಟಕ್ಕೇ ಮುಗಿದಿದ್ದರೆ ಅವನು ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಆಸ್ಪತ್ರೆಯೊಂದರ ತಾರಸಿಯ ಮೋಟಾರು ಕೋಣೆಯಲ್ಲಿ, ಗ್ರೀಸ್ ಒರೆಸಲೆಂದು ಕೈಗೆತ್ತಿಕೊಂಡ ಹಳೆಯ ಪತ್ರಿಕೆಯಲ್ಲಿ ವಿಚಾರಣೆಯ ಸುದ್ದಿ ಕಂಡಿತು. ಯಂತ್ರ ಸರಿಯಾಗಿಯೇ ಇತ್ತು, ಗುಂಡಿ ಒತ್ತುವವಳು ಮಿತಿ ಮೀರಿ ವೇಗ ಹೆಚ್ಚಿಸಿದ್ದೇ ಕಾರಣ ಎಂದು ಮಾಲೀಕರು ಹೇಳಿದ್ದರು. ಲಿಫ್ಟ್ ಕೆಲಸದವರೊಬ್ಬರು ಬಂದು ಸದ್ದಿನ ವಿಷಯ ತಿಳಿಸಿದ್ದರು, ಅದನ್ನು ಅಂದೇ ಮೇಲಿನವರಿಗೆ ಹೇಳಿದ್ದೆ ಎಂದು ಅವಳು ಹೇಳಿದ್ದಳು. ಅಂಥ ಮಾತು ತಮ್ಮ ಕಿವಿಗೆ ಬಿದ್ದೇ ಇಲ್ಲ ಎಂದು ಮೇಲಿನವರು ಕೈ ತೊಳೆದುಕೊಂಡಿದ್ದರು. ಅಂಥವರು ಯಾರಾದರೂ ನಿಜವಾಗಿ ಇದ್ದರೆ ಮುಂದೆ ಬರಬೇಕು ಎಂದು ತನಿಖಾಧಿಕಾರಿ ಕೇಳಿದ್ದರು.

ಪತ್ರಿಕೆಯನ್ನು ಜೇಬಿಗೆ ಸೇರಿಸಿ ಸಂಜೆ ಹೆಂಡತಿಗೆ ತೋರಿಸಿದ.

"ಹೋಗ್ಬೇಡಿ," ಎಂದಳು. "ಹೋದ್ರೆ ನಿಮ್ಮ ತಲೆ ಮೇಲೇ ಗೂಬೆ ಕೂರಿಸ್ತಾರೆ. ಗೊತ್ತಿದ್ದೂ ಯಾಕೆ ಬರೆದುಕೊಡಲಿಲ್ಲ ಅಂತ ಕೇಳ್ತಾರೆ. ಎಲ್ಲಾ ಉತ್ತಮ ಅಂತ ಸಹಿ ಬೇರೆ ಹಾಕಿದ್ದೀರಿ. ಏನು ಹೇಳ್ತೀರಿ?"

ಯಾರಾದರೂ ಹಾಗೆ ಹೇಳಲಿ ಎಂದೇ ಅವನು ಅದನ್ನು ಮನೆಗೆ ತಂದಿದ್ದ. ಆಮೇಲೆ ಹಳದಿ ಟೋಪಿಯವಳ ಕೆಲಸ ಹೋಯಿತು, ಮೂರು ವರ್ಷ ಕೋರ್ಟಿಗೆ ಅಲೆದಳು ಎಂದು ಅಲ್ಲಿ ಇಲ್ಲಿ ಓದಿದ. ಮನೆಯಲ್ಲಿ ಆ ಮಾತು ಮತ್ತೆ ಏಳಲಿಲ್ಲ. ಮಗಳು ಮಾತ್ರ ತನ್ನ ಕಥೆಗೆ ವರ್ಷ ವರ್ಷ ಹೊಸ ಹೊಸ ಬಣ್ಣ ಬಳಿಯುತ್ತ ಬಂದಳು.

ಈ ವರ್ಷ ಅವಳ ಮದುವೆ ಗೊತ್ತಾಯಿತು. ಹುಡುಗ ಔಷಧದ ಅಂಗಡಿ ಇಟ್ಟಿದ್ದಾನೆ, ಮಾತು ಕಡಿಮೆ. ಒಂದು ಭಾನುವಾರ ಊಟಕ್ಕೆ ಬಂದಾಗ ಮಗಳು ಅವನ ಮುಂದೆಯೂ ಕಥೆ ಬಿಚ್ಚಿದಳು. ತಮ್ಮ ನಕ್ಕ. ಹುಡುಗ ನಗಲಿಲ್ಲ. ಆಗಲೇ ಮಾವ ಎನ್ನುವುದನ್ನು ರೂಢಿ ಮಾಡಿಕೊಂಡಿದ್ದವನು, ತಟ್ಟೆಯಿಂದ ತಲೆಯೆತ್ತಿ, ಇದ್ದದ್ದನ್ನು ಇದ್ದಂತೆ ಕೇಳುವವನ ಹಾಗೆ ಕೇಳಿದ:

"ಅಲ್ಲಿ ಏನು ನೋಡಿದ್ರಿ ಮಾವ? ಯಾತಕ್ಕೆ ಹೆದರಿಕೆ ಆಯ್ತು?"

ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಮೇಸ್ತ್ರಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಹೆಂಡತಿ ಬಾಗಿಲಲ್ಲಿ ನೀರಿನ ಜಗ್ಗು ಹಿಡಿದು ನಿಂತಿದ್ದಳು. ಅವಳ ಕಡೆ ನೋಡಿದರೆ ಮತ್ತೆ ಬಾಯಿ ಮುಚ್ಚಿಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ನೋಡದೆ, ಟಕ್ ಎಂಬ ಸದ್ದಿನಿಂದ ಹಿಡಿದು ಪತ್ರಿಕೆಯ ತನಕ ಎಲ್ಲವನ್ನೂ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಎಲ್ಲರ ಕೈಯೂ ಒಣಗಿತ್ತು.

ಮಗಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಸಾಲಲ್ಲಿ ನನ್ನ ಹಿಂದೆ ಎರಡು ಜಡೆ ಹಾಕಿದ್ದ ಹುಡುಗಿ ಇದ್ಲು. ಇಬ್ರೂ ಪಕ್ಕಪಕ್ಕದ ಕುರ್ಚೀಲಿ ಕೂರೋಣ ಅಂತ ಮಾತಾಡ್ಕೊಂಡಿದ್ವಿ," ಎಂದಳು. "ಅವಳನ್ನ ಯಾಕೆ ಎಳೆದುಕೊಂಡು ಬರ್ಲಿಲ್ಲ ಅಪ್ಪ?"

"ನಿನ್ನ ಎಳ್ಕೊಂಡು ಬಂದ ಮೇಲೆ..." ಅವನ ನಾಲಿಗೆ ತೊದಲಿತು. "ನಿನ್ನ ಎಳ್ಕೊಂಡು ಬಂದ ಮೇಲೆ ನನಗೆ ಅವಸರ ಹೋಗಿಬಿಡ್ತು ಕಣಮ್ಮ."

ಅವಳು ಎದ್ದು ಕೈ ತೊಳೆದುಕೊಂಡು ಚೀಲ ತೆಗೆದುಕೊಂಡು ಹೋದಳು. ಕೆಲಸದ ಊರಲ್ಲಿ ಬಾಡಿಗೆ ಕೋಣೆಯಲ್ಲಿದ್ದವಳು ದಿನಾ ಫೋನು ಮಾಡುತ್ತಿದ್ದಳು. ಈಗ ಒಂಬತ್ತು ದಿನ ಫೋನಿಲ್ಲ. ಹತ್ತನೆಯ ದಿನ ಮೇಸ್ತ್ರಿಯ ಮೊಬೈಲಿಗೆ ಒಂದು ಸಂದೇಶ ಬಂತು: ಒಂದು ಊರಿನ ಹೆಸರು, ಬಸ್ ನಿಲ್ದಾಣ, ಲಗೇಜ್ ಕೋಣೆ. ಅದರ ಕೆಳಗೆ, 'ಹಳದಿ ಟೋಪಿ ಆಂಟಿ ಇಲ್ಲಿ ಕೆಲಸ ಮಾಡ್ತಾರೆ. ಅವರ ವಕೀಲರನ್ನ ಹುಡುಕಿ ಕೇಳಿದೆ. ಹೋಗೋದು ಬಿಡೋದು ನಿಮ್ಮಿಷ್ಟ.'

ಹೆಂಡತಿ ಅದನ್ನು ಎರಡು ಸಲ ಓದಿ ಸೀರೆ ಬದಲಾಯಿಸಲು ಒಳಗೆ ಹೋದಳು. "ನಾನೂ ಬರ್ತೀನಿ," ಎಂದಳು. "ಬೇಡ ಅಂದೋಳು ನಾನು ತಾನೆ."

ಮಧ್ಯಾಹ್ನ ಮೂರರ ಹೊತ್ತಿಗೆ ತಲುಪಿದರು. ಲಗೇಜ್ ಕೋಣೆಯ ಕಿಟಕಿಯಲ್ಲಿ ಕನ್ನಡಕ ಹಾಕಿದ ಹೆಂಗಸು ಚೀಟಿಗಳಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು, "ಎಷ್ಟು ಬ್ಯಾಗು?"

"ಬ್ಯಾಗಿಲ್ಲಮ್ಮ. ನಾನು... ಲಿಫ್ಟ್ ಕೆಲಸದವನು."

ದಾರ ಅಲ್ಲೇ ನಿಂತಿತು. ಅವಳು ಕನ್ನಡಕ ತೆಗೆದು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಮೀಸೆ ಇತ್ತು ನಿಮಗೆ," ಎಂದಳು.

ಅವನು ತಲೆಯಾಡಿಸಿದ.

"ಮೀಸೆ, ಚೌಕಳಿ ಅಂಗಿ, ಅಳ್ತಾ ಇದ್ದ ಮಗಳು. ಪೊಲೀಸರಿಗೆ ಹೇಳ್ದೆ, ಜಡ್ಜಿಗೆ ಹೇಳ್ದೆ, ನಮ್ಮನೆಯವರಿಗೆ ಹೇಳ್ದೆ. ಎಷ್ಟು ಸಲ ಹೇಳಿದ್ದೀನಿ ಅಂದ್ರೆ, ಕೊನೆಕೊನೆಗೆ ನನಗೇ ಅನುಮಾನ ಶುರುವಾಗಿತ್ತು. ನಿಮ್ಮನ್ನ ನಾನೇ ಹುಟ್ಟಿಸ್ಕೊಂಡೆನೋ ಏನೋ ಅಂತ."

ಮೇಸ್ತ್ರಿ ಕೈಮುಗಿಯಲು ಹೋದ. "ತಪ್ಪಾಯ್ತಮ್ಮ, ನನ್ನನ್ನ..."

"ಅದೆಲ್ಲ ಬೇಡ." ಅವಳ ದನಿ ಏರಲಿಲ್ಲ. "ಕಾಲು ಕಳ್ಕೊಂಡ ಆಕೆ ಇದೇ ಊರವರು. ಎರಡು ಬೀದಿ ಆಚೆ ಮನೆ. ಎದುರಿಗೆ ಸಿಕ್ರೆ ಮುಖ ತಿರುಗಿಸ್ಕೊಂಡು ಹೋಗ್ತಾರೆ. ನಿಮ್ಮ ಮಾತನ್ನ ನನಗೆ ಹೇಳಿ ಏನು ಬಂತು? ನನಗೆ ಗೊತ್ತಿರೋದೇ ತಾನೆ. ಅಲ್ಲಿ ಬಂದು ಹೇಳಿ."

ಪಕ್ಕದ ಕಿಟಕಿಯವನಿಗೆ ಅರ್ಧ ಗಂಟೆ ನೋಡಿಕೊಳ್ಳಲು ಹೇಳಿ ಅವಳು ಮುಂದೆ ನಡೆದಳು. ದಾರಿಯಲ್ಲಿ ಮೇಸ್ತ್ರಿ ಒಮ್ಮೆ ನಿಂತೇಬಿಟ್ಟ. ಹೆಂಡತಿ ಅವನ ಮೊಣಕೈ ಹಿಡಿದು ಮುಂದೆ ನಡೆಸಿದಳು.

ಸಣ್ಣ ಮನೆ, ಮೆಟ್ಟಿಲಿನ ಬದಲು ಇಳಿಜಾರು ಮಾಡಿಸಿದ್ದರು. ಬಾಗಿಲು ತೆರೆದವಳು ನಲವತ್ತರ ಹೆಂಗಸು. ಹಳದಿ ಟೋಪಿಯವಳನ್ನು ಕಂಡದ್ದೇ ಅವಳ ಮುಖ ಬಿಗಿಯಿತು, ಬಾಗಿಲು ಮುಚ್ಚಲು ಹೋದಳು. ಮೇಸ್ತ್ರಿ ಅಲ್ಲೇ, ಹೊಸ್ತಿಲಾಚೆ ನಿಂತು ಹೇಳತೊಡಗಿದ. ಸದ್ದು ಕೇಳಿದ್ದು, ಮಗಳನ್ನು ಮಾತ್ರ ಎಳೆದುಕೊಂಡು ಬಂದದ್ದು, ಪಕ್ಕದಲ್ಲಿ ನಿಂತಿದ್ದ ಈಕೆಗೆ ತಿಳಿಸಿದ್ದು, ಈಕೆ ಬೇಡಿಕೊಂಡದ್ದು, ಸಾಲಿನಿಂದ ತಾನು ಹಿಂದಿರುಗಿದ್ದು, ಏನೂ ಇಲ್ಲ ಎಂದು ಬರೆದದ್ದು, ಕರೆದಾಗ ಹೋಗದೆ ಕೂತದ್ದು. ಒಂದನ್ನೂ ಬಿಡಲಿಲ್ಲ. ನಡುವೆ ಹೆಂಡತಿ ಒಮ್ಮೆ ಬಾಯಿ ಹಾಕಿ, "ತಡೆದದ್ದು ನಾನು," ಎಂದಳು.

ಮನೆಯಾಕೆ ಕೋಲಿನ ಮೇಲೆ ಎರಡೂ ಕೈಯೂರಿ ಕೊನೆತನಕ ಕೇಳಿದಳು. ಬೈಯುತ್ತಾಳೆ ಎಂದು ಮೇಸ್ತ್ರಿ ಕಾದ. ಬೈದಿದ್ದರೆ ಎಷ್ಟೋ ಮೇಲಿತ್ತು. ಅವಳು ಅವನನ್ನು ಮತ್ತೊಮ್ಮೆ ನೋಡಲೂ ಇಲ್ಲ. ಹಳದಿ ಟೋಪಿಯವಳ ಕಡೆ ತಿರುಗಿ, "ನೀವು ಒಳಗೆ ಬನ್ನಿ," ಎಂದಳು. ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು.

ಗಂಡ ಹೆಂಡತಿ ಸ್ವಲ್ಪ ಹೊತ್ತು ಬಿಸಿಲಲ್ಲಿ ಹಾಗೇ ನಿಂತಿದ್ದರು. ಒಳಗಿನಿಂದ ಮೊದಲು ಮಾತು, ಆಮೇಲೆ ಯಾರೋ ಬಿಕ್ಕಿಬಿಕ್ಕಿ ಅಳುವುದು ಕೇಳಿಸಿತು. ಇಬ್ಬರಲ್ಲಿ ಯಾರು ಎಂದು ತಿಳಿಯಲಿಲ್ಲ. ಅದನ್ನು ನಿಂತು ಕೇಳುವ ಹಕ್ಕು ತನಗಿಲ್ಲ ಅನ್ನಿಸಿ ಮೇಸ್ತ್ರಿ ಬೀದಿಗೆ ಇಳಿದ.

ಬಸ್ಸಿನಲ್ಲಿ ಕೂತಾಗ ಮಗಳ ಫೋನು ಬಂತು.

"ಹೋಗಿದ್ರಾ?"

"ಹೂಂ. ಇಬ್ರಿಗೂ ಹೇಳಿದೆ."

"ಏನಂದ್ರು?"

"ನನಗೇನೂ ಅನ್ನಲಿಲ್ಲಮ್ಮ."

ಫೋನು ಇಟ್ಟಳೇನೋ ಎಂದು ಅವನು ಪರದೆ ನೋಡಿದ. ಇಟ್ಟಿರಲಿಲ್ಲ.

"ಅಮ್ಮ ಏನಾದ್ರೂ ತಿಂದ್ರಾ?" ಎಂದು ಕೇಳಿದಳು ಕೊನೆಗೆ. ಅವನು ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿದ.