ದಯವಿಟ್ಟು ಅನ್ನುವ ಮಷಿನ್

"ಹಲ್ಲು ಕಿಸೀಬೇಡ್ರೇ ಮುಂಡೇವಾ. ಇದೇನು ನಿಮ್ಮಪ್ಪನ ಮನೆ ಬಚ್ಚಲು ಅಂದ್ಕೊಂಡ್ರಾ?"

ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ. ನಾನು ತುಟಿ ಕಚ್ಚಿಕೊಂಡೆ. ತಪ್ಪೆಲ್ಲ ಚಿಕ್ಕಮ್ಮನದು. ಅಣುಸ್ಥಾವರದ ಒಳಗೆ ದುಡಿಯುವವರ ಮೇಲಂಗಿ ಒಗೆಯುವುದು ನಮ್ಮ ಕೆಲಸ. ಕುತ್ತಿಗೆಯಿಂದ ಕಾಲಿನವರೆಗೆ ಒಂದೇ ಉಡುಪು. ತೊಟ್ಟಿಯಲ್ಲಿ ಒಂದರೊಳಗೆ ಗಾಳಿ ಸೇರಿ, ಅದು ಹೊಟ್ಟೆ ಬಿಟ್ಟುಕೊಂಡು ಅಂಗಾತ ತೇಲಿತು. ಚಿಕ್ಕಮ್ಮ ಅದಕ್ಕೊಂದು ಸಲಾಮು ಹೊಡೆದು, ಸಾಹೇಬರ ಸ್ನಾನ ಮುಗಿಯಿತೇ, ಬೆನ್ನು ಉಜ್ಜಲೇ ಎಂದು ಕೇಳಿದಳು. ನಗು ಬಂದರೆ ಅವಳಿಗೆ ಬಿಕ್ಕಳಿಕೆ ಹತ್ತುತ್ತದೆ. ಆ ಬಿಕ್ಕಳಿಕೆ ಕೇಳಿದರೆ ಇಡೀ ಕೋಣೆ ಬಿದ್ದು ಬಿದ್ದು ನಗುತ್ತದೆ.

ಅಕ್ಕ ನಗುತ್ತ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಮೇಸ್ತ್ರಿ ಅದನ್ನು ನೋಡಿ ಮುಖ ತಿರುಗಿಸಿದ.

ಬಸುರಿಯರು ಈ ಕೋಣೆಯಲ್ಲಿ ಕೆಲಸ ಮಾಡಬಾರದೆಂದು ಗೋಡೆಯ ಮೇಲೇ ಬರೆದಿದೆ. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯಲು ಹಾಕಿ ಎಂದು ಅಕ್ಕ ಕೇಳಿದ್ದಳು. ಬಾಯಿಬಿಟ್ಟರೆ ಸೀದಾ ಮನೆಗೆ ಎಂದು ಮೇಸ್ತ್ರಿ ಹೆದರಿಸಿದ್ದ. ಭಾವನಿಗೆ ಕೆಲಸವಿಲ್ಲ. ಒಗೆಯುವ ಮುಂಚಿನ ಬಟ್ಟೆಯ ಗಂಟುಗಳನ್ನು ಅಕ್ಕ ಈಗಲೂ ಹೊಟ್ಟೆಗೆ ಅವುಚಿಕೊಂಡೇ ಹೊರುತ್ತಾಳೆ.

ಇವತ್ತು ಅವಳು ಕೇಳಿದ್ದು ಇಷ್ಟೇ: ಒಂದು ಸಲ ಗೇಟಿನ ಮಷಿನ್ನಿನಲ್ಲಿ ನಿಲ್ಲಲು ಬಿಡಿ.

ಮೈಗೆ ಅಂಟಿದ ವಿಕಿರಣದ ಧೂಳನ್ನು ಆ ಮಷಿನ್ ಪತ್ತೆಹಚ್ಚುತ್ತದೆ. ಹೊರಗೆ ಹೋಗುವವರೆಲ್ಲ ಅದರಲ್ಲಿ ನಿಂತೇ ಹೋಗಬೇಕು. ನಮ್ಮನ್ನು ಮಾತ್ರ ಮೇಸ್ತ್ರಿ ಹಿಂಬಾಗಿಲಿನಿಂದ ಕಳಿಸುತ್ತಾನೆ. ಧೂಳು ಸಿಕ್ಕಿ ಅದು ಗಂಟೆ ಹೊಡೆದರೆ ಅವನ ಗುತ್ತಿಗೆಗೇ ಕುತ್ತು. ಬಟ್ಟೆ ಹಿಂಡುತ್ತ ನಾನು ಕಿಟಕಿಯಿಂದ ಅದನ್ನೇ ನೋಡುತ್ತಿರುತ್ತೇನೆ. ಅದಕ್ಕೊಂದು ಹೆಣ್ಣುದನಿಯಿದೆ. ದಯವಿಟ್ಟು ಒಳಗೆ ಬನ್ನಿ. ದಯವಿಟ್ಟು ಕೈ ಇಡಿ. ಇಡೀ ಸ್ಥಾವರದಲ್ಲಿ ದಯವಿಟ್ಟು ಅನ್ನುವುದು ಅದೊಂದೇ.

"ನಿನ್ನ ಹೊಟ್ಟೆಗೆ ಮಷಿನ್ ಬೇರೆ ಕೇಡು," ಅಂದ ಮೇಸ್ತ್ರಿ. "ಗಂಟೆ ಹೊಡೀತೋ, ನೀನೂ ಇಲ್ಲ, ನಿನ್ನ ತಂಗೀನೂ ಇಲ್ಲ. ಮುಚ್ಕೊಂಡು ಒಗಿ."

ಮಧ್ಯಾಹ್ನ ಅತಿಥಿಗಳು ಬಂದರು. ಒದ್ದೆ ಬಟ್ಟೆಯ ಮೇಲೆಯೇ ಹೊಸ ಕೋಟು ತೊಡಿಸಿ, ಚಪ್ಪಾಳೆ ತಟ್ಟಲು ನಮ್ಮನ್ನು ಸಭೆಯ ಹಿಂದಿನ ಸಾಲಿನಲ್ಲಿ ನಿಲ್ಲಿಸಿದರು. ಸ್ಥಾವರದ ದೊಡ್ಡ ಸಾಹೇಬರು ಚೆನ್ನಾಗಿ ಮಾತಾಡಿದರು. ಕಲ್ಲಿದ್ದಲು ಒಂದು ದಿನ ಮುಗಿಯುತ್ತದಂತೆ. ಸೂರ್ಯ ರಾತ್ರಿ ರಜೆ ಹಾಕುತ್ತಾನಂತೆ, ಗಾಳಿ ತನಗೆ ಮನಸ್ಸು ಬಂದರೆ ಮಾತ್ರ ಬೀಸುತ್ತದಂತೆ. ನಾಳೆಯ ಮಕ್ಕಳಿಗೆ ಹೊಗೆಯಿಲ್ಲದ ಬೆಳಕು ಕೊಡುವುದು ಇಂಥ ಸ್ಥಾವರಗಳೇ ಅಂದರು. ಅಕ್ಕ ಮನಸ್ಸಿಟ್ಟು ಚಪ್ಪಾಳೆ ತಟ್ಟಿದಳು. ಆಮೇಲೆ ಹೊಟ್ಟೆ ಮುಟ್ಟಿಕೊಂಡು ನನ್ನ ಕಿವಿಯ ಹತ್ತಿರ ಬಾಗಿದಳು.

"ನಿಜ ಕಣೇ, ಕರೆಂಟು ಬೇಕೇ ಬೇಕು. ಆದ್ರೆ ನಾಳೆಯ ಮಕ್ಕಳು ಅಂದ್ರೆ ಇದೂ ಸೇರುತ್ತಲ್ವಾ?"

ಚಿಕ್ಕಮ್ಮನಿಗೆ ಅದು ಕೇಳಿಸಿತು. ಸಾಹೇಬರು ನೀರು ಕುಡಿಯಲು ಮಾತು ನಿಲ್ಲಿಸಿದ್ದ ಹೊತ್ತಿಗೆ ಸರಿಯಾಗಿ ಅವಳ ಬಿಕ್ಕಳಿಕೆ ಶುರುವಾಯಿತು. ಸಾಲಿಗೆ ಸಾಲೇ ಕುಲುಕಾಡಿತು. ನನ್ನ ಕಣ್ಣಲ್ಲಿ ನೀರು ಬಂತು.

ಸಭೆ ಮುಗಿದು ಅತಿಥಿಗಳು ಎದ್ದರು. ಮೇಸ್ತ್ರಿ ನಮಗೆ ಹಿಂಬಾಗಿಲ ಕಡೆ ಕಣ್ಣು ಸನ್ನೆ ಮಾಡಿದ. ಅಕ್ಕ ಗೇಟಿನ ಕಡೆ ತಿರುಗಿದಳು. ತಡೆದಾನೆಂದು ಕೋಟು ಬಿಚ್ಚಿ ಅವನ ತಲೆಯ ಮೇಲೆ ಎಸೆದಳು. ಅವನು ಅದರೊಳಗೆ ಕೈಕಾಲು ಬಡಿಯುತ್ತಿರುವಾಗ ನಾವೆಲ್ಲ ನಗುತ್ತ, ಒಬ್ಬರ ಬೆನ್ನನ್ನೊಬ್ಬರು ತಳ್ಳುತ್ತ ಓಡಿದೆವು. ಅತಿಥಿಗಳಿಗಿಂತ ಮುಂಚೆ ಅಕ್ಕ ಮಷಿನ್ನಿನೊಳಗಿದ್ದಳು.

ದಯವಿಟ್ಟು ಕೈ ಇಡಿ ಎಂದಿತು ಅದು. ಅಕ್ಕ ಇಟ್ಟಳು. ದಯವಿಟ್ಟು ಮುಂದೆ ಸರಿಯಿರಿ. ಅಕ್ಕ ಹೊಟ್ಟೆಯನ್ನು ತಗಡಿಗೆ ಒತ್ತಿ ನಿಂತಳು. ಚಿಕ್ಕಮ್ಮನ ಬಿಕ್ಕಳಿಕೆಯೂ ನಿಂತಿತು.

ಕೆಂಪು ದೀಪ ಹತ್ತಿತು. ಗಂಟೆ ಹೊಡೆಯತೊಡಗಿತು. ಮುಂದಿನ ಅಡ್ಡ ಸರಳು ತೆರೆಯಲಿಲ್ಲ.

ಮೇಸ್ತ್ರಿ ಏದುಸಿರು ಬಿಡುತ್ತ ಬಂದು, "ಸರಳಿನ ಕೆಳಗೆ ನುಸುಳಿ ಆಚೆ ಬಾರೇ ಬೋಸುಡಿ" ಎಂದು ಹಲ್ಲು ಕಚ್ಚಿದ. ಮಷಿನ್ ಮಾತ್ರ ತನ್ನ ಪಾಡಿಗೆ, ದಯವಿಟ್ಟು ಅಲ್ಲೇ ನಿಲ್ಲಿ, ಅಧಿಕಾರಿಗಳು ಬರುತ್ತಾರೆ ಎನ್ನುತ್ತಿತ್ತು.

"ಕೇಳಿಸ್ತಾ ಮೇಸ್ತ್ರಿ?" ಅಂದಳು ಅಕ್ಕ. "ನಿಲ್ಲಿ ಅಂತಿದ್ದಾಳೆ. ನಿಲ್ತೀನಿ."

ದೊಡ್ಡ ಸಾಹೇಬರು ಗಡಿಯಾರ ನೋಡಿಕೊಂಡು, ದಾರಿ ಬಿಡಿ ಎಂಬಂತೆ ನನ್ನ ಭುಜದ ಪಕ್ಕ ಕೈ ಆಡಿಸಿದರು. ಅಷ್ಟು ದೊಡ್ಡವರ ಜೊತೆ ನಾನು ಎಂದೂ ಮಾತಾಡಿದವಳಲ್ಲ.

"ಸಾಲಲ್ಲಿ ಬನ್ನಿ ಸಾಹೇಬ್ರೇ," ಅಂದೆ. "ಅಕ್ಕ ಆದ್ಮೇಲೆ ನಾನು."

ಹಿಂದಿನಿಂದ ಚಿಕ್ಕಮ್ಮನ ಬಿಕ್ಕಳಿಕೆ ಮತ್ತೆ ಶುರುವಾಯಿತು.