ಭಾಗ್ಯಮ್ಮನ ಹೆಬ್ಬೆಟ್ಟು

ಎಲ್ಲರೂ ಹೆಬ್ಬೆಟ್ಟು ಒತ್ತಿ ಪಕ್ಕಕ್ಕೆ ಸರಿದ ಮೇಲೆ ಭಾಗ್ಯಮ್ಮನ ಸರದಿ ಬಂತು. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು, "ನಾನು ಒತ್ತಲ್ಲ ಕಣಮ್ಮ" ಅಂದಳು.

ಕೌಂಟರಿನ ಹಿಂದೆ ನಿಂತಿದ್ದ ಹುಡುಗಿ ರಮ್ಯಶ್ರೀಗೆ ಇದು ಹೊಸತು. ಬೆಳಗಿನಿಂದ ಬಂದವರೆಲ್ಲ ಕೇಳುವ ಮೊದಲೇ ಬೆರಳು ಚಾಚಿದ್ದರು. ಯಾವುದೋ ಕಂಪನಿಯವರು ವಿಮಾನ ನಿಲ್ದಾಣದ ಬಾಗಿಲಲ್ಲಿ ತಂದಿಟ್ಟ ಮಶೀನು ಅದು. ಬೆರಳಚ್ಚು ಕೊಟ್ಟವರಿಗೆ ಗಾಜಿನ ಗೇಟು ತಾನಾಗಿ ತೆರೆದುಕೊಳ್ಳುತ್ತದೆ, ತಪಾಸಣೆ ಬೇಗ ಮುಗಿಯುತ್ತದೆ ಎಂದು ಆಕೆ ನಯವಾಗಿ ವಿವರಿಸಿದಳು. ಭಾಗ್ಯಮ್ಮ ಪೂರ್ತಿ ಕೇಳಿಸಿಕೊಂಡು ತಲೆಯಾಡಿಸಿದಳು. ಕೈ ಮಾತ್ರ ಸೆರಗಿನಿಂದ ಹೊರಗೆ ಬರಲಿಲ್ಲ.

ಸಾಸಲು ಕಡೆಯ ಮಹಿಳಾ ಹಾಲು ಸಂಘದವರು ಗುಜರಾತಿನ ಡೇರಿಗಳನ್ನು ನೋಡಲು ಹೊರಟಿದ್ದರು. ಭಾಗ್ಯಮ್ಮ ಸಂಘದ ಅಧ್ಯಕ್ಷೆ. ಕರೆದುಕೊಂಡು ಹೋಗುವ ಹೊಣೆ ಹಾಲು ಒಕ್ಕೂಟದ ಸೂಪರ್‌ವೈಸರ್ ಬೈರೇಶನದು. ಅವನು ಒಮ್ಮೆ ಹೈದರಾಬಾದಿಗೆ ವಿಮಾನದಲ್ಲಿ ಹೋಗಿಬಂದಿದ್ದ. ಹಾಗಾಗಿ ಹೊರಡುವ ಮುಂಚೆ ಹೆಂಗಸರಿಗೆಲ್ಲ ದಿನಾ ಪಾಠ ಮಾಡಿದ್ದ. ಚಾಕು ತರಬಾರದು, ಉಪ್ಪಿನಕಾಯಿ ತರಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ಯಾರನ್ನೂ ಪ್ರಶ್ನೆ ಕೇಳಬಾರದು. ಉಳಿದವರು ಅವನ ಮಾತು ಮೀರಿರಲಿಲ್ಲ. ಎಲ್ಲರಿಗಿಂತ ಹಿರಿಯಳಾದ ಅಮ್ಮಯಮ್ಮನ ಬೆರಳನ್ನು ಮಶೀನು ಮೊದಲು ಒಪ್ಪಲೇ ಇಲ್ಲ. ಹಾಲು ಕರೆದು ಕರೆದು ಗೆರೆ ಸವೆದಿತ್ತು. ಆಕೆ ರೇಷನ್ ಅಂಗಡಿಯಲ್ಲಿ ಮಾಡುವಂತೆ ಹೆಬ್ಬೆರಳನ್ನು ತಲೆಗೂದಲಿನ ಎಣ್ಣೆಗೆ ತಿಕ್ಕಿ ಒತ್ತಿದಳು. ಹಸಿರು ದೀಪ ಹತ್ತಿತು. ಎಸ್ಸೆಸೆಲ್ಸಿ ಪಾಸಾದವಳಂತೆ ಅಮ್ಮಯಮ್ಮ ಸುತ್ತ ನೋಡಿದಳು.

ಭಾಗ್ಯಮ್ಮನ ಹಟಕ್ಕೆ ಕಾರಣ ಊರಿಗೆಲ್ಲ ಗೊತ್ತಿತ್ತು. ಹೋದ ವರ್ಷ ಬಸ್‌ಸ್ಟಾಪಿನಲ್ಲಿ ಛತ್ರಿ ಕೆಳಗೆ ಕೂತು ಪುಕ್ಕಟೆ ಸಿಮ್ ಹಂಚುತ್ತಿದ್ದವನಿಗೆ ಅವಳು ಹೆಬ್ಬೆಟ್ಟು ಕೊಟ್ಟಿದ್ದಳು. ಸರಿಯಾಗಿ ಬರಲಿಲ್ಲ, ಇನ್ನೊಂದು ಸಲ ಒತ್ತಿ ಎಂದು ಅವನು ಮತ್ತೆ ಮತ್ತೆ ಒತ್ತಿಸಿಕೊಂಡಿದ್ದ. ಎಲ್ಲ ಸೇಫಾಗಿರುತ್ತೆ ಅಂತಲೂ ಹೇಳಿದ್ದ. ಕೆಲವು ತಿಂಗಳು ಕಳೆದ ಮೇಲೆ, ಬೆಳಗಿನ ಹಾಲು ಹಾಕುವ ಹೊತ್ತಿಗೆ ಸರಿಯಾಗಿ, ಪೊಲೀಸರು ಸಂಘದ ಬಾಗಿಲಿಗೆ ಬಂದು ಭಾಗ್ಯಮ್ಮ ಯಾರು ಎಂದು ಕೇಳಿದರು. ಒಂದೊಂದು ಒತ್ತಿಗೂ ಒಂದೊಂದರಂತೆ ಅವಳ ಹೆಸರಲ್ಲಿ ತೆಗೆದಿದ್ದ ಸಿಮ್ಮುಗಳಿಂದ ಯಾರೋ ಬ್ಯಾಂಕ್ ಮ್ಯಾನೇಜರ್ ಎಂದು ಹೇಳಿಕೊಂಡು ಎಲ್ಲೆಲ್ಲಿಯವರಿಗೋ ಟೋಪಿ ಹಾಕಿದ್ದರು. ದೊಡ್ಡಬಳ್ಳಾಪುರದ ಠಾಣೆಗೆ ಅಲೆದೂ ಅಲೆದೂ ಚಪ್ಪಲಿ ಸವೆಯಿತು. ಕೇಸಿನಿಂದ ಹೆಸರು ಬಿಟ್ಟುಹೋದರೂ ಊರಲ್ಲಿ 'ಮ್ಯಾನೇಜರ್ ಭಾಗ್ಯಮ್ಮ' ಎಂಬ ಹೆಸರು ಉಳಿಯಿತು.

ಬೈರೇಶ ಹತ್ತಿರ ಬಂದು ದನಿ ತಗ್ಗಿಸಿದ. "ಅಕ್ಕಾ, ಸೆಕ್ಯುರಿಟಿ ವಿಷಯ ಇದು. ಒತ್ತಲಿಲ್ಲ ಅಂದ್ರೆ ನಿಮ್ಮನ್ನ ಕಳ್ಳರು ಅನ್ಕೋತಾರೆ."

"ಒತ್ತಿದ್ದಕ್ಕೇ ಕಣಪ್ಪ ನನ್ನನ್ನ ಕಳ್ಳಿ ಅಂದಿದ್ದು."

ಆಧಾರಿಗೆ ಕೊಟ್ಟಿಲ್ಲವೇ ಎಂದು ಅವನು ಕೇಳಿದ. ಒಂದು ಕಡೆ ಕೊಟ್ಟಿದ್ದೀನಿ ಅಂತ ಬೀದಿಗೆಲ್ಲ ಹಂಚಿಕೊಂಡು ಹೋಗಲಾ ಎಂದು ಅವಳು ಮರುಪ್ರಶ್ನೆ ಹಾಕಿದಳು. ಆಮೇಲೆ ರಮ್ಯಶ್ರೀಯ ಕಡೆ ತಿರುಗಿ, ಕೊಡದೇ ಇದ್ದರೆ ಏನಾಗುತ್ತದೆ ಎಂದು ಕೇಳಿದಳು. ರಮ್ಯಶ್ರೀಗೆ ಕೊಟ್ಟ ತರಬೇತಿಯಲ್ಲಿ ಈ ಪ್ರಶ್ನೆ ಇರಲಿಲ್ಲ. ಫೋನು ಮಾಡಿದಳು.

ಅವಳ ಮೇಲಿನವನು ಸುನಿಲ್‌ಕುಮಾರ್ ವಾಕಿಟಾಕಿ ಹಿಡಿದುಕೊಂಡು ಬಂದ. ನಿಮ್ಮ ಬೆರಳಚ್ಚು ನಮ್ಮಲ್ಲಿ ಸೇಫಾಗಿರುತ್ತದೆ ಎಂದು ಭರವಸೆ ಕೊಟ್ಟ. ಆ ಮಾತು ಕೇಳಿದ್ದೇ ಭಾಗ್ಯಮ್ಮನ ಕೈ ಸೆರಗಿನೊಳಗೆ ಇನ್ನಷ್ಟು ಬಿಗಿಯಾಯಿತು.

"ಬೀಗದಕೈ ಕಳೆದೋದ್ರೆ ಬೀಗ ಬದಲಾಯಿಸ್ಬೋದು ಸ್ವಾಮಿ. ಹೆಬ್ಬೆಟ್ಟು ಕಳೆದೋದ್ರೆ ಇನ್ನೊಂದು ಎಲ್ಲಿಂದ ತರ್ಲಿ?"

ಸುನಿಲ್‌ಕುಮಾರ್ ತನ್ನ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡ. ಬೈರೇಶ ಗಡಿಯಾರ ನೋಡಿಕೊಂಡ. ಇವಳೊಬ್ಬಳಿಂದ ಎಲ್ಲರಿಗೂ ವಿಮಾನ ತಪ್ಪುತ್ತದೆ ಎಂದು ಗೊಣಗಿದ್ದು ಅವಳ ಕಿವಿಗೂ ಬಿತ್ತು.

ಕೊಟ್ಟಿಗೆಯ ಮೇಲೆ ಹಾದುಹೋಗುವ ವಿಮಾನಗಳ ಹೊಟ್ಟೆಯನ್ನು ಭಾಗ್ಯಮ್ಮ ಸಗಣಿ ಬಾಚುತ್ತಾ ಎಷ್ಟು ಸಲ ಕತ್ತೆತ್ತಿ ನೋಡಿದ್ದಳೋ. ಕಿಟಕಿ ಪಕ್ಕದ ಸೀಟು ತನಗೇ ಬೇಕೆಂದು ಬೈರೇಶನ ಹತ್ತಿರ ಮೊದಲೇ ಮಾತಾಡಿಕೊಂಡಿದ್ದಳು. ಆದರೂ ಕೈ ಹೊರಗೆ ಬರಲೊಲ್ಲದು. "ನೀವೆಲ್ಲ ಹೋಗ್ಬನ್ನಿ. ನಾನು ದೊಡ್ಡಬಳ್ಳಾಪುರದ ಬಸ್ಸು ಹತ್ತುತೀನಿ" ಎಂದು ಬ್ಯಾಗು ಎತ್ತಿಕೊಂಡಳು.

ಸುನಿಲ್‌ಕುಮಾರನಿಗೆ ಗಾಬರಿಯಾಯಿತು. ಹೋಗಬೇಕಾಗಿಲ್ಲಮ್ಮ, ಹೆಬ್ಬೆಟ್ಟು ಕಡ್ಡಾಯವೇನಲ್ಲ, ಅಗೋ ಆ ಸಾಲಿನಲ್ಲಿ ಟಿಕೆಟ್ಟು ಮತ್ತು ಯಾವುದಾದರೂ ಗುರುತಿನ ಚೀಟಿ ತೋರಿಸಿದರೆ ಸಾಕು ಎಂದುಬಿಟ್ಟ. ಸಾಲಿನ ತುದಿಯಲ್ಲಿ ಖಾಕಿಯವನೊಬ್ಬ ಅವಳ ವೋಟರ್ ಕಾರ್ಡು ನೋಡಿದ, ಮುಖ ನೋಡಿದ, ಒಳಗೆ ಹೋಗಿ ಎಂದು ಕೈ ಮಾಡಿದ. ಅಷ್ಟೇ. ಇಷ್ಟು ಹೊತ್ತು ಕಟ್ಟಿಕೊಂಡಿದ್ದ ಧೈರ್ಯವನ್ನು ಎಲ್ಲಿಡಬೇಕೆಂದು ತಿಳಿಯದೆ ಭಾಗ್ಯಮ್ಮನಿಗೆ ಒಂದು ಥರ ನಿರಾಸೆಯೇ ಆಯಿತು.

ಇನ್ನೂ ಗೇಟು ದಾಟದೆ ಗಾಜಿನ ಈಚೆಯೇ ನಿಂತಿದ್ದ ಹೆಂಗಸರು ಇದನ್ನೆಲ್ಲ ನೋಡುತ್ತಿದ್ದರು. ಮೊದಲು ಬಾಯಿಬಿಟ್ಟವಳು ಭಾಗ್ಯಮ್ಮನ ಪಕ್ಕದ ಮನೆಯ ಅನುಸೂಯಮ್ಮ. "ಹಂಗಾದ್ರೆ ನಮ್ದು ಯಾಕೆ ತಗೊಂಡ್ರಿ?"

ಇಡೀ ಗುಂಪು ರಮ್ಯಶ್ರೀಯ ಕೌಂಟರಿಗೆ ವಾಪಸು ಬಂತು. ತಮ್ಮ ತಮ್ಮ ಬೆರಳಚ್ಚು ಅಳಿಸಿಕೊಡಬೇಕೆಂದು ಎಲ್ಲರೂ ಒಟ್ಟಿಗೆ ಕೇಳಿದರು. ರಮ್ಯಶ್ರೀ ಪಾಪ, ಪರದೆಯನ್ನು ಮೇಲೂ ಕೆಳಗೂ ಸರಿಸಿ ಹುಡುಕಿದಳು. ತೆಗೆದುಕೊಳ್ಳುವುದಕ್ಕೆ ಒಂದು ಬಟನ್ ಇತ್ತು, ಮತ್ತೊಮ್ಮೆ ತೆಗೆದುಕೊಳ್ಳುವುದಕ್ಕೂ ಒಂದಿತ್ತು. ಅಳಿಸುವುದಕ್ಕೆ ಇರಲಿಲ್ಲ. ಸುನಿಲ್‌ಕುಮಾರ್ ಮೇಲಿನವರಿಗೆ ತಿಳಿಸುತ್ತೇನೆ ಎಂದ. ಮೇಲಿನವರು ಬರುವವರೆಗೆ ಕಾಯುತ್ತೇವೆ ಎಂದು ಅನುಸೂಯಮ್ಮ ಬ್ಯಾಗಿನ ಮೇಲೆ ಕೂತಳು. ಅಷ್ಟರಲ್ಲಿ ಅಮ್ಮಯಮ್ಮ ಯಾರನ್ನೂ ಕೇಳದೆ ಮಶೀನಿನ ಹತ್ತಿರ ಹೋಗಿ, ಬಾಯಿಂದ ಹಬೆ ಊದಿ, ತನ್ನ ಎಣ್ಣೆ ಗುರುತು ಹೋಗುವವರೆಗೂ ಅದರ ಗಾಜನ್ನು ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿದಳು. ತನ್ನ ಮಟ್ಟಿಗೆ ಕೆಲಸ ಮುಗಿಯಿತು ಎಂಬಂತೆ ಕೈ ಕೊಡವಿಕೊಂಡಳು. ಕೊನೆಗೆ ಬೈರೇಶ ಕೈಮುಗಿದು ಕೇಳಿಕೊಂಡ ಮೇಲೆ ಎಲ್ಲರೂ ಒಳಗೆ ಓಡಿದರು. ವಿಮಾನವೇನೋ ಸಿಕ್ಕಿತು. ಕಿಟಕಿಯ ಪಕ್ಕ ಭಾಗ್ಯಮ್ಮ ಕೂತಳು.

ಡೇರಿಗಳನ್ನು ನೋಡಿ, ದಪ್ಪ ಕೆಚ್ಚಲಿನ ಎಮ್ಮೆಗಳನ್ನು ಸವರಿ, ಸಿಹಿ ಹಾಕಿದ ಸಾರಿಗೆ ಮುಖ ಕಿವುಚಿ, ಹೆಂಗಸರು ವಾಪಸು ಹೊರಟರು. ಅಲ್ಲಿನ ನಿಲ್ದಾಣದಲ್ಲೂ ಅಂಥದೇ ಒಂದು ಮಶೀನಿತ್ತು. ಅದರ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ; ಪಕ್ಕದ ಸಾಲು ಮಾತ್ರ ಬಾಗಿಲು ದಾಟಿ ಕಾರು ನಿಲ್ಲುವ ತನಕ ಬೆಳೆದಿತ್ತು. ಬೈರೇಶ ಅಭ್ಯಾಸಬಲದಿಂದ ನೆಟ್ಟಗೆ ಹೋಗಿ ಹೆಬ್ಬೆಟ್ಟು ಒತ್ತಿದ. ಗೇಟು ತೆರೆಯಿತು. ಒಳಗೆ ಹೋಗಿ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ.

ಹೆಂಗಸರೆಲ್ಲ ಆ ಉದ್ದನೆಯ ಸಾಲಿನಲ್ಲಿ ಭಾಗ್ಯಮ್ಮನ ಹಿಂದೆ ನಿಂತಿದ್ದರು. ಗೇಟು ಮುಚ್ಚಿಕೊಂಡಿತ್ತು, ಹೊರಗೆ ಬರುವಂತಿರಲಿಲ್ಲ. ಬೈರೇಶ ಗಾಜಿನ ಆಚೆ ಒಬ್ಬನೇ ನಿಂತು ಬೇಗ ಬನ್ನಿ ಎಂದು ಕೈಸನ್ನೆ ಮಾಡಿದ. ಅನುಸೂಯಮ್ಮ ಅವನ ಕಡೆಗೆ ಕೈ ಬೀಸಿದಳು. ಭಾಗ್ಯಮ್ಮ ಬ್ಯಾಗಿನಿಂದ ಹುರಿದ ಕಡಲೆಕಾಯಿಯ ಪೊಟ್ಟಣ ಬಿಚ್ಚಿ ಹಿಂದಕ್ಕೆ ದಾಟಿಸಿದಳು. ಅದು ಕೈಯಿಂದ ಕೈಗೆ ಸಾಗುತ್ತಾ ಅಮ್ಮಯಮ್ಮನವರೆಗೆ ಹೋಯಿತು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.